ಗೋಡೆ ಫೋಟೋಗಾಗಿ ವಿಯೆಟ್ನಾಮಿಗೆ

ಪಾಸ್‌ಪೋರ್ಟಿನಲ್ಲಿ ನನ್ನ ಇನಿಷಿಯಲ್‌ಗಳನ್ನು ಬಿಡಿಸಿ ಊರು, ಅಪ್ಪ ಎಲ್ಲ ಸೇರಿಸಿ ಉದ್ದಕ್ಕೆ ಬರೆದಿದ್ದಾರೆ. ಟಿಕೆಟ್ಟಿನಲ್ಲಿ ಬರೀ ಮಂಜುನಾಥ. ಈ ಇಬ್ಬರೂ ಬೇರೆ ಬೇರೆ ಮನುಷ್ಯರೆಂದು ವಿಮಾನ ನಿಲ್ದಾಣದಲ್ಲೇ ತೀರ್ಮಾನವಾಗಬಹುದಿತ್ತು. ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನು ಕಸ್ಟಮ್ಸಿನವರು ತೆರೆದು ಮೂಸಿ, ಇದೇನೆಂದು ಕೇಳಿ, ನಾನು ವಿವರಿಸಲು ಹೋಗಿ ಇನ್ನಷ್ಟು ಅನುಮಾನಕ್ಕೆ ಗುರಿಯಾಗಬಹುದಿತ್ತು. ಗಿರಿಜಕ್ಕನ ಮಂಡಿ ಹನೋಯ್‌ನ ಬೀದಿಯ ನಡುವೆ ಕೈಕೊಡಬಹುದಿತ್ತು. ನೋಡಲು ಬಗ್ಗಿದ ನಮ್ಮ ಮೇಲೆ ಸ್ಕೂಟರುಗಳು ಹಾಯಬಹುದಿತ್ತು. ತರಕಾರಿಯೆಂದು ತಿಂದ ಊಟದಲ್ಲಿ ಮೀನಿನ ರಸ ಇದ್ದದ್ದು ತಿಂದ ಮೇಲೆ ತಿಳಿಯಬಹುದಿತ್ತು. ಮನೆಯಲ್ಲಿ ಗ್ಯಾಸಿನ ನಾಬ್ ತಿರುಗಿಸಿದೆನೋ ಇಲ್ಲವೋ ಎಂಬುದು ಸಮುದ್ರದ ಮೇಲೆ ಹಾರುವಾಗ ನೆನಪಾಗಬಹುದಿತ್ತು. ಕ್ಯಾಮೆರಾದ ಬ್ಯಾಟರಿ ಉಬ್ಬಬಹುದಿತ್ತು, ಲೆನ್ಸಿಗೆ ಬೂಷ್ಟು ಹಿಡಿಯಬಹುದಿತ್ತು, ಮೆಮೊರಿ ಕಾರ್ಡು ಜೇಬಿನ ತೂತಿನಿಂದ ಜಾರಿ ಹೋಗಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಗಿರಿಜಕ್ಕ ಕೇಳಿದ ಆ ಒಂದು ಫೋಟೋ ಬರದೇ ಹೋಗಬಹುದಿತ್ತು.

ಇಷ್ಟನ್ನೂ ಹೆಂಡತಿ ಶೈಲಾಳಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಲೇ, "ಮುಗೀತಾ? ವಿಮಾನ ಬೀಳೋದನ್ನ ಬಿಟ್ಬಿಟ್ರಲ್ಲ" ಎಂದಳು.

ಬಿಟ್ಟಿರಲಿಲ್ಲ. ಅವಳ ಮುಂದೆ ಹೇಳಿರಲಿಲ್ಲ ಅಷ್ಟೆ.

ಆರ್‌ಪಿಸಿ ಲೇಔಟ್

ಈ ಬಡಾವಣೆಯಲ್ಲಿರುವ ಗಿರಿಜಕ್ಕ ಶೈಲಾಳ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಿಯಾದವರು. ಹಣೆಯಲ್ಲಿ ವಿಭೂತಿ, ದನಿಯಲ್ಲಿ ಇನ್ನೂ ಡಸ್ಟರು. ಅವರ ಗಂಡ, ಅಂದರೆ ನನ್ನ ಷಡ್ಡಕ ಬಸಣ್ಣ, ಮೂರು ವರ್ಷದ ಹಿಂದೆ ತೀರಿಕೊಂಡರು. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಸರಿಯಾದದ್ದು ಒಂದೂ ಇಲ್ಲ. ಕೊನೆಗೆ ವಿಜಯನಗರದ ಛತ್ರವೊಂದರಲ್ಲಿ ಯಾರದೋ ಮದುವೆಗೆ ತೆಗೆದ ಗುಂಪು ಫೋಟೋದಿಂದ ಅವರನ್ನು ಕತ್ತರಿಸಿ ದೊಡ್ಡದು ಮಾಡಿಸಿದರು. ಕತ್ತರಿಸುವಾಗ ಅವರ ಹೆಗಲ ಮೇಲಿದ್ದ ಒಂದು ಕೈ ಉಳಿದುಕೊಂಡಿತು.

ಆ ಕೈ ನನ್ನದು. ಗಡಿಯಾರದ ಸಮೇತ ಇದೆ. ಸೋಮವಾರ ಗಿರಿಜಕ್ಕ ಫೋಟೋಗೆ ವಿಭೂತಿ ಹಚ್ಚುವಾಗ ನನ್ನ ಬೆರಳುಗಳಿಗೂ ಒಂದಿಷ್ಟು ತಾಗುತ್ತದೆ. ಹಾರದ ಕೆಳಗೆ ನನ್ನ ಕೈಯೊಂದೇ ಹೀಗೆ ಮುಂಚಿತವಾಗಿ ಹೋಗಿ ಕೂತಿರುವುದನ್ನು ನೋಡಿದಾಗಲೆಲ್ಲ ನಾನು ನಾಡಿ ಹಿಡಿದು ನೋಡಿಕೊಳ್ಳುತ್ತೇನೆ.

"ಮಂಜು, ನನಗೆ ಹಿಂಗಾಗ್ಬಾರ್ದು" ಎಂದರು ಗಿರಿಜಕ್ಕ ಒಂದು ದಿನ, ಕಾಫಿ ಲೋಟ ಕೈಗೆ ಕೊಡುತ್ತಾ. "ನನ್ನ ಹತ್ರ ಇರೋದು ಆಧಾರ್ ಫೋಟೋ ಒಂದೇ. ಅದನ್ನ ಗೋಡೆಗೆ ಹಾಕಿದ್ರೆ ಬಂದೋರು ಈ ಯಮ್ಮನೇ ಯಾರನ್ನೋ ಮುಗಿಸಿ ಒಳಗೆ ಹೋಗಿದಾಳೆ ಅನ್ಕೋತಾರೆ. ನೀನು ಮುಂಚೆ ಎಷ್ಟು ಚೆನ್ನಾಗಿ ತೆಗೀತಿದ್ದೆ. ಒಂದು ತೆಗೆದುಕೊಡು."

"ಅಕ್ಕ, ಈಗಲೇ ಯಾಕೆ ಅದೆಲ್ಲ."

"ಆಮೇಲೆ ತೆಗೆದ್ರೆ ಚೆನ್ನಾಗಿ ಬರಲ್ಲ."

ನಾನು ಕಾಫಿ ಮುಗಿಸಿದೆ. ರಜೆಯಲ್ಲಿ ನಾವು ವಿಯೆಟ್ನಾಮಿಗೆ ಹೋಗುವ ಮಾತು ಆಗಲೇ ನಡೆದಿತ್ತು. ಅವರೂ ಹೊರಟರು. "ಇಲ್ಲಿ ಕೂತ್ರೆ ಮುಖದಲ್ಲಿ ಬರೀ ನಲ್ಲಿ ನೀರು ಬಂತಾ ಅನ್ನೋದೇ ಕಾಣುತ್ತೆ. ಅಲ್ಲೆಲ್ಲಾದ್ರೂ ತೆಗಿ."

ನಾನು ಮುಂಚೆ ಚೆನ್ನಾಗಿ ತೆಗೆಯುತ್ತಿದ್ದೆ ಎಂಬುದು ಪೂರ್ತಿ ಸುಳ್ಳಲ್ಲ. ಬಸವೇಶ್ವರನಗರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವನು ನಾನು. ಮದುವೆಯಾದ ಹೊಸತರಲ್ಲಿ ರಾಜಾಜಿನಗರದ ಬಾಡಿಗೆ ಮನೆಯ ಬಚ್ಚಲೇ ನನ್ನ ಡಾರ್ಕ್‌ರೂಮು. ಕೆಂಪು ಬಲ್ಬು ಹಾಕಿ ಒಳಗೆ ಕೂತರೆ ಹೊರಗಿನಿಂದ ಶೈಲಾ ಬಾಗಿಲು ಬಡಿಯುವಳು, "ಸ್ನಾನ ಮಾಡೋದು ಯಾವಾಗ್ರೀ ನಾವು?" ತಟ್ಟೆಯ ನೀರಿನೊಳಗೆ ಬಿಳಿ ಕಾಗದದ ಮೇಲೆ ಒಂದು ಮೂಗು, ಆಮೇಲೆ ಕಣ್ಣು, ಆಮೇಲೆ ಇಡೀ ಚಿಕ್ಕಮ್ಮ ಮೂಡಿ ಬರುವುದನ್ನು ನೋಡುತ್ತಾ ನಾನು ಕೂತೇ ಇರುತ್ತಿದ್ದೆ. ಆಗ ಫೋಟೋ ತೆಗೆಯುವುದೆಂದರೆ ರೋಲಿಗೆ ಮೂವತ್ತಾರು ಸಲ ಯೋಚಿಸುವುದು.

ಆಮೇಲೆ ರೋಲು ತೊಳೆಯುವ ಅಂಗಡಿ ಮೊಬೈಲ್ ಕವರಿನ ಅಂಗಡಿಯಾಯಿತು. ಎಲ್ಲರ ಕೈಗೂ ಫೋನು ಬಂತು. ಮನೆಯ ಸಮಾರಂಭಗಳಲ್ಲಿ ನನ್ನನ್ನು ಕರೆಯುವವರು ಇಲ್ಲವಾದರು. ಕ್ಯಾಮೆರಾ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತು. ಈಗ ಪ್ರವಾಸಕ್ಕೆಂದು ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ತಮ್ಮ ಹಳೆಯ ಡಿಜಿಟಲ್ ಕ್ಯಾಮೆರಾ ಕೊಟ್ಟರು. ಅಂಗೈಯಗಲದ್ದು. ಹಿಂದೆ ಪರದೆ, ಮೇಲೊಂದು ಕಣ್ಣಿಟ್ಟು ನೋಡುವ ಕಿಂಡಿ. "ಆನ್ ಮಾಡಿದ ತಕ್ಷಣ ಅದು ಏನೋ ಒಂದು ಕೇಳುತ್ತೆ ಸಾರ್" ಎಂದರು. "ಓದೋಕೆ ಹೋಗ್ಬೇಡಿ. ಓಕೆ ಒತ್ಬಿಡಿ, ಸುಮ್ನಾಗುತ್ತೆ."

ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಈ ಸೂಚನೆ ಕಷ್ಟವೆನಿಸಲಿಲ್ಲ.

ಹನೋಯ್

ಹನೋಯ್‌ನಲ್ಲಿ ರಸ್ತೆ ದಾಟುವ ವಿಧಾನ ಇದು: ಸ್ಕೂಟರುಗಳ ಹೊಳೆಯೊಳಗೆ ಕಾಲಿಟ್ಟು, ನಿಧಾನವಾಗಿ, ನಿಲ್ಲದೆ, ಹಿಂದೆ ಸರಿಯದೆ ನಡೆಯುತ್ತಿರಬೇಕು. ಹೊಳೆ ತಾನೇ ಇಬ್ಭಾಗವಾಗುತ್ತದೆ. ಮಾಗಡಿ ರಸ್ತೆಯಲ್ಲಿ ಕಲಿತ ನನ್ನ ವಿದ್ಯೆ, ಅಂದರೆ ಕೈ ತೋರಿಸಿ ಓಡುವುದು, ಮಧ್ಯದಲ್ಲಿ ಮನಸ್ಸು ಬದಲಾಯಿಸಿ ವಾಪಸು ಓಡುವುದು, ಇಲ್ಲಿ ಎಲ್ಲರನ್ನೂ ಗಲಿಬಿಲಿಗೊಳಿಸಿತು. ಗಿರಿಜಕ್ಕ ಮಾತ್ರ ಪರೀಕ್ಷೆಯ ಕೊಠಡಿಯಲ್ಲಿ ಓಡಾಡುವಂತೆ ಆಚೆ ದಡ ತಲುಪಿ ನನಗಾಗಿ ಕಾದರು.

ಅಲ್ಲಿ ಕಾಫಿ ಕುಡಿಯುವುದು ಫುಟ್‌ಪಾತಿನ ಮೇಲೆ, ನಮ್ಮ ಬಚ್ಚಲಿನ ಮಣೆಯಷ್ಟು ಎತ್ತರದ ಪ್ಲಾಸ್ಟಿಕ್ ಸ್ಟೂಲುಗಳಲ್ಲಿ. ಗಿರಿಜಕ್ಕನ ಮಂಡಿಗೆ ಅದು ಸಾಧ್ಯವಿಲ್ಲ ಎಂದು ನಾನು ಕಳವಳದಿಂದ ಸನ್ನೆ ಮಾಡುವಷ್ಟರಲ್ಲಿ ಅಂಗಡಿಯ ಹೆಂಗಸು ಒಂದರ ಮೇಲೊಂದು ಸ್ಟೂಲು ಪೇರಿಸಿ, ಗಿರಿಜಕ್ಕನ ಮಂಡಿಗೂ ಸ್ಟೂಲಿಗೂ ಕೈಯಲ್ಲೇ ಅಳತೆ ಹಾಕಿ, ಇನ್ನೊಂದು ಸೇರಿಸಿ ಕೂರಿಸಿದಳು. ಎಲ್ಲರ ಮಧ್ಯೆ ಗಿರಿಜಕ್ಕ ಸಿಂಹಾಸನದ ಮೇಲೆ ಇದ್ದಂತೆ ಕಂಡರು.

ಚೆನ್ನಾಗಿತ್ತು. ಕ್ಯಾಮೆರಾ ತೆಗೆದೆ. ಅದು ಏನೋ ಕೇಳಿತು, ಓಕೆ ಒತ್ತಿದೆ. ಕ್ಲಿಕ್ಕಿಸಿದೆ. ತಕ್ಷಣ ಪರದೆಯ ಮೇಲೆ ಚಿತ್ರ ಬಂತು: ಕಣ್ಣು ಮುಚ್ಚಿದ್ದರು. ಇನ್ನೊಂದು: ಹಿಂದಿನ ಕಂಬ ತಲೆಯಿಂದ ಎದ್ದಿತ್ತು. ಇನ್ನೊಂದು, ಮತ್ತೊಂದು. ಪರದೆಯ ತುಂಬ ಅಂಕಿಗಳು, ಹೂವಿನ ಗುರುತು, ಮಿಂಚಿನ ಗುರುತು, ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಮತ್ತೇನೋ ಅಂಕಿ. ಇವುಗಳಲ್ಲಿ ಯಾವುದು ನನಗೆ ಸಂಬಂಧಿಸಿದ್ದು, ಯಾವುದು ಕ್ಯಾಮೆರಾದ ಸ್ವಂತ ವಿಷಯ ಎಂದು ತಿಳಿಯದೆ ಎಲ್ಲವನ್ನೂ ಕಡೆಗಣಿಸಿದೆ. ತೆಗೆದದ್ದನ್ನು ಅಳಿಸಿದೆ, ಅಳಿಸಿದ್ದೇ ಚೆನ್ನಾಗಿತ್ತೇನೋ ಎಂದು ಕೊರಗಿದೆ. ಫಿಲ್ಮಿನ ಕಾಲದಲ್ಲಿ ನನ್ನ ತಪ್ಪುಗಳು ರೋಲು ತೊಳೆದು ಬರುವವರೆಗೆ ನನ್ನನ್ನು ನೆಮ್ಮದಿಯಾಗಿ ಇರಲು ಬಿಡುತ್ತಿದ್ದವು. ಸದಾ ಆತಂಕದಲ್ಲಿರುವವನ ಕೈಗೆ ಹೀಗೆ ಕ್ಷಣಕ್ಷಣಕ್ಕೂ ಪುರಾವೆ ಕೊಡಬಾರದು.

"ಇವನು ಮಾರ್ಕ್ಸ್ ಕಾರ್ಡ್ ನೋಡ್ದಂಗೆ ನೋಡ್ತಾನೆ ಕಣೇ ಅದನ್ನ" ಎಂದರು ಗಿರಿಜಕ್ಕ ತಂಗಿಗೆ.

ಮೂವರೂ ಒಟ್ಟಿಗೆ ಇರುವ ಫೋಟೋ ಒಂದಿರಲಿ ಎಂದು ಶೈಲಾ ಪಕ್ಕದ ಸ್ಟೂಲಿನ ಹುಡುಗಿಯ ಕೈಗೆ ಕ್ಯಾಮೆರಾ ಕೊಟ್ಟಳು. ಗಿರಿಜಕ್ಕ ಎದ್ದುಬಿಟ್ಟರು. ನಮ್ಮ ಕಡೆಯ ಎಷ್ಟೋ ಮನೆಗಳಂತೆ ಅವರಲ್ಲೂ ಮೂವರು ನಿಂತು ಫೋಟೋ ತೆಗೆಸಿಕೊಳ್ಳಬಾರದು, ಮಧ್ಯದವರಿಗೆ ಆಗಿಬರುವುದಿಲ್ಲ. ಊರಲ್ಲಾದರೆ ಎಳನೀರಿನವನನ್ನೋ ಆಟೋದವನನ್ನೋ "ಬಾಪ್ಪ ಸ್ವಲ್ಪ, ನಿಂತ್ಕೋ" ಎಂದು ಸೇರಿಸಿಕೊಳ್ಳುತ್ತೇವೆ. ನಮ್ಮ ಆಲ್ಬಮ್ಮಿನ ತುಂಬ ಹೀಗೆ ಗುರುತಿಲ್ಲದ ನಾಲ್ಕನೆಯವರು ನಗುತ್ತಿದ್ದಾರೆ. ಹನೋಯ್‌ನಲ್ಲಿ ಇದನ್ನು ಹೇಗೆ ಕೇಳುವುದು? ಕಬ್ಬಿನ ಹಾಲು ಮಾರುವ ಮುದುಕಿಯನ್ನು ಕರೆದೆ. ಆಕೆ ಮೂರು ಲೋಟ ಕಬ್ಬಿನ ಹಾಲು ತಂದುಕೊಟ್ಟು ಹೋದಳು. ಕುಡಿದೆವು. ಫೋಟೋ ಆಗಲಿಲ್ಲ.

ಹುಯೇಯಿಂದ ರೈಲು

ಹುಯೇ ಊರಿನಿಂದ ಡಾ ನಾಂಗಿಗೆ ಹೋಗುವ ರೈಲು ಬೆಟ್ಟದ ಪಕ್ಕೆಗೆ ಅಂಟಿಕೊಂಡು ಸಾಗುತ್ತದೆ. ಒಂದು ಕಡೆ ಕಾಡು, ಕೆಳಗೆ ಸಮುದ್ರ. ನಾನು ನೋಡುತ್ತಿದ್ದದ್ದು ಪರದೆ. ಹನೋಯ್‌ನಿಂದ ತಂದ ಚಿತ್ರಗಳನ್ನು ಒಂದೊಂದಾಗಿ ಅಳಿಸುತ್ತಾ ಬಂದಿದ್ದೆ. ಎದುರಿಗೆ ಶೈಲಾ, ಹೊಸ ಚಪ್ಪಲಿ ಕಚ್ಚಿದ ಅಕ್ಕನ ಹಿಮ್ಮಡಿಗೆ ಬ್ಯಾಂಡೇಜು ಪಟ್ಟಿ ಅಂಟಿಸುತ್ತಿದ್ದಳು.

"ರೀ, ಸಮುದ್ರ ಹೋಗ್ತಾ ಇದೆ."

"ಒಂದ್ನಿಮಿಷ."

"ಆ ಪರದೆಗೂ ಒಂದು ಅಂಟಿಸ್ಲಾ? ಅದಕ್ಕೂ ಗಾಯ ಆಗಿದೆ ಪಾಪ, ನಿಮ್ಮ ಹೆಬ್ಬೆರಳು ತಾಗಿ ತಾಗಿ."

ಅವಳು ಹೇಳಿದ್ದು ಚುಚ್ಚುವುದಕ್ಕೆ. ನನಗೆ ಯಾಕೋ ಅದು ವೈದ್ಯರ ಮಾತಿನಂತೆ ಕೇಳಿಸಿತು. ಎರಡು ಪಟ್ಟಿ ಇಸಿದುಕೊಂಡು ಪರದೆಯ ಮೇಲೆ ಅಡ್ಡಡ್ಡ ಅಂಟಿಸಿದೆ. ಇನ್ನು ಏನೂ ಕಾಣುವಂತಿಲ್ಲ. ಮೇಲಿನ ಕಿಂಡಿಗೆ ಕಣ್ಣಿಟ್ಟೆ. ಎಷ್ಟೋ ವರ್ಷದ ಮೇಲೆ ಒಂದು ಕಣ್ಣು ಮುಚ್ಚಿದ್ದೆ.

ಕಿಂಡಿಯಲ್ಲಿ ಅಂಕಿಗಳಿರಲಿಲ್ಲ. ಸಮುದ್ರವಿತ್ತು. ಕಿಟಕಿಯ ಕಂಬಿ ಇತ್ತು, ಕಂಬಿಯ ಮೇಲೆ ಗಿರಿಜಕ್ಕನ ಕೈ, ಕೈಯ ಅಂಚಿನಲ್ಲಿ ಬೆಳಕು. ರೈಲು ತಿರುವಿಗೆ ಬಂದಾಗ ಬೆಳಕು ಬಳೆಯ ಮೇಲಕ್ಕೆ ಬರುತ್ತದೆಂದು ಗೊತ್ತಾಯಿತು. ಕಾದೆ. ಬಂತು. ಒತ್ತಿದೆ. ಒತ್ತಿದ ಕೂಡಲೇ ನನ್ನ ಬಲಗೈ ಹೆಬ್ಬೆರಳು ತಾನಾಗಿ ಮೇಲೆದ್ದು, ರೋಲು ಮುಂದಕ್ಕೆ ಸರಿಸುವ ಲಿವರಿಗಾಗಿ ತಡಕಿತು. ಅಲ್ಲಿ ಲಿವರ್ ಇರಲಿಲ್ಲ. ಬೆರಳು ಗಾಳಿಯನ್ನೇ ಸರಿಸಿ ಸಮಾಧಾನವಾಯಿತು. ಎದೆಯಲ್ಲಿ ಏನೋ ಒಂದು ಥರ ಆಯಿತು. ಅದು ಸಂತೋಷವೋ ಅಸಿಡಿಟಿಯೋ ಎಂದು ಸ್ವಲ್ಪ ಹೊತ್ತು ಖಚಿತವಾಗಲಿಲ್ಲ.

ಪಕ್ಕದ ಸಾಲಿನ ಮುದುಕರೊಬ್ಬರು ಪಟ್ಟಿ ಕಟ್ಟಿಸಿಕೊಂಡ ಕ್ಯಾಮೆರಾವನ್ನೇ ನೋಡುತ್ತಿದ್ದರು. ಆ ದೇಶದವರ ಜೇಬಿನಲ್ಲಿ ಒಂದು ಪುಟ್ಟ ಶೀಸೆ ಹಸಿರು ತೈಲ ಇದ್ದೇ ಇರುತ್ತದೆ. ನೆಗಡಿಗೂ ಅದೇ, ಸೊಳ್ಳೆಗೂ ಅದೇ. ಅವರು ಶೀಸೆ ತೆಗೆದು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, ಕ್ಯಾಮೆರಾದ ಕಡೆ ಚಾಚಿದರು. ನಾನು ಗೊಂದಲದಲ್ಲಿ ತೆಗೆದುಕೊಂಡು ನನ್ನ ಹಣೆಗೆ ಹಚ್ಚಿಕೊಂಡೆ. ಆಗ ನಕ್ಕರು.

ಹೋಯ್ ಆನ್

ಹೋಯ್ ಆನ್‌ನಲ್ಲಿ ನಾವು ಉಳಿದದ್ದು ಲಾನ್ ಎಂಬಾಕೆಯ ಹಳೆಯ ಮನೆಯಲ್ಲಿ. ನನ್ನ ವಯಸ್ಸೇ ಇರಬೇಕು. ಇಂಗ್ಲಿಷ್ ಅಲ್ಪಸ್ವಲ್ಪ; ಉಳಿದದ್ದಕ್ಕೆ ಆಕೆಯ ಫೋನು ನೆರವಾಗುತ್ತಿತ್ತು. ಆಕೆ ತನ್ನ ಭಾಷೆಯಲ್ಲಿ ಹೇಳಿದರೆ ಅದು ಪಠ್ಯಪುಸ್ತಕದ ಕನ್ನಡದಲ್ಲಿ, ಆಕಾಶವಾಣಿಯ ಗಾಂಭೀರ್ಯದಲ್ಲಿ ಉಸುರುತ್ತಿತ್ತು. ಮನೆಯ ನಡುವೆ ಮೇಲೆ ತೆರೆದ ಅಂಗಳ, ಸುತ್ತ ಮರದ ಕಂಬ, ಹಂಚಿನ ಮಾಡು. ನಮ್ಮ ತೊಟ್ಟಿಮನೆಯೇ ಸೈ, ಆದರೆ ತೊಟ್ಟಿಯಲ್ಲಿ ತುಳಸಿಯ ಬದಲು ಮೀನು.

ಬೆಳಗಿನ ತಿಂಡಿಯಾದ ಮೇಲೆ ಲಾನ್ ಕೈಗೆ ಕ್ಯಾಮೆರಾ ಕೊಟ್ಟು ನಾವು ಮೂವರು ಕಂಬದ ಬಳಿ ನಿಂತೆವು. ನಾಲ್ಕನೆಯವರ ಬಗ್ಗೆ ಗಿರಿಜಕ್ಕ ಗೊಣಗುತ್ತಿದ್ದರು. ನಾನು, "ವಿದೇಶದಲ್ಲಿ ಅದೆಲ್ಲ ನಡೆಯಲ್ಲ ಬನ್ನಿ ಅಕ್ಕ" ಎಂದು ಧೈರ್ಯವಾಗಿ ಎಳೆದು ನಿಲ್ಲಿಸಿದ್ದೆ.

ಲಾನ್ ಕಿಂಡಿಯಲ್ಲಿ ನೋಡಿದಳು. ಕ್ಯಾಮೆರಾ ಇಳಿಸಿದಳು. ಬೆರಳು ಮಡಿಚಿ ನಮ್ಮನ್ನು ಎಣಿಸಿದಳು. ತಲೆ ಅಡ್ಡಡ್ಡ ಆಡಿಸಿ ಫೋನಿಗೆ ಏನೋ ಹೇಳಿದಳು. ಫೋನು ನುಡಿಯಿತು: "ಮೂವರು ಉತ್ತಮವಲ್ಲ. ಮಧ್ಯದ ವ್ಯಕ್ತಿ ಮೊದಲು ಹೊರಡುತ್ತಾರೆ."

ಮಧ್ಯದಲ್ಲಿದ್ದದ್ದು ನಾನು.

ಗಿರಿಜಕ್ಕ ಫೋನನ್ನೂ ಲಾನ್‌ಳನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಕೇಳಿಸ್ತಾ? ಏನೋ ವಿದೇಶದಲ್ಲಿ ನಡೆಯಲ್ಲ ಅಂದ್ಯಲ್ಲ." ಅಷ್ಟರಲ್ಲಿ ಲಾನ್ ಪಕ್ಕದ ಮನೆಯವರನ್ನು ಕೂಗಿ ಕ್ಯಾಮೆರಾ ಅವರ ಕೈಗಿತ್ತು, ತಾನೇ ಬಂದು ಗಿರಿಜಕ್ಕನ ಪಕ್ಕ ನಿಂತಿದ್ದಳು. ಎಷ್ಟೋ ಸಾವಿರ ಮೈಲಿ ಆಚೆ ನಮ್ಮದೇ ಭಯ ಇನ್ನೊಬ್ಬರ ಮನೆಯಲ್ಲಿ ಇಷ್ಟು ಸಲೀಸಾಗಿ ಓಡಾಡಿಕೊಂಡಿದ್ದದ್ದು ಕಂಡು ನನಗೆ ಸಮಾಧಾನವಾಗಬೇಕೋ ಭಯ ಹೆಚ್ಚಬೇಕೋ ತಿಳಿಯಲಿಲ್ಲ.

ಆ ಫೋಟೋದ ನಂತರ ಅವರಿಬ್ಬರೂ ಗೆಳತಿಯರು. ಲಾನ್ ನಮ್ಮನ್ನು ಒಳಕೋಣೆಗೆ ಕರೆದೊಯ್ದಳು. ಅಲ್ಲಿ ಎತ್ತರದ ಮಂಟಪ, ಹಣ್ಣು, ಊದುಬತ್ತಿ, ಹಿರಿಯರ ಫೋಟೋಗಳು. ಮಧ್ಯದಲ್ಲಿ ಆಕೆಯ ತಾಯಿ: ನೇರ ನೋಟ, ಹೊಳೆಯುವ ಉಡುಪು, ಯಾರ ಕೈಯೂ ಹೆಗಲ ಮೇಲಿಲ್ಲ.

"ಇದು ಹೋಗೋಕೆ ಮುಂಚೆ ತೆಗೆಸಿದ್ದಾ, ಕೇಳು" ಎಂದರು ಗಿರಿಜಕ್ಕ.

ಫೋನು ನುಡಿಯಿತು: "ನನ್ನ ತಾಯಿ ಬಹಳ ವರ್ಷ ಮೊದಲೇ ತೆಗೆಸಿದರು. ಇಲ್ಲಿ ಎಲ್ಲ ಹಿರಿಯರೂ ತೆಗೆಸುತ್ತಾರೆ. ಅವರು ಛಾಯಾಗ್ರಾಹಕನನ್ನು ಮೂರು ಬಾರಿ ನಿಂದಿಸಿದರು."

"ನೋಡು ಮಂಜು. ನಾನಿನ್ನೂ ಒಂದ್ಸಲಾನೂ ಬೈದಿಲ್ಲ."

ತಮಗೂ ಅಂಥದೇ ಒಂದು ಬೇಕು ಎಂದು ಗಿರಿಜಕ್ಕ ಗೋಡೆ, ತಮ್ಮ ಮುಖ, ನನ್ನ ಕ್ಯಾಮೆರಾ ಮೂರನ್ನೂ ತೋರಿಸಿ ತಿಳಿಸಿದರು. ಲಾನ್‌ಗೆ ಫೋನು ಬೇಕಾಗಲಿಲ್ಲ. ಒಂದು ಕುರ್ಚಿ ತಂದು ಅಂಗಳದ ಅಂಚಿನಲ್ಲಿಟ್ಟಳು. ಗಿರಿಜಕ್ಕನ ಕಿವಿಯ ಹಿಂದೆ ಬಿದ್ದಿದ್ದ ಕೂದಲೆಳೆಯನ್ನು ನೀರು ಮುಟ್ಟಿಸಿ ಕೂರಿಸಿದಳು. ಶೈಲಾ ಸೆರಗು ಸರಿಮಾಡಿದಳು. ಯಾರೂ ಇದನ್ನು ದುಃಖದ ಕೆಲಸವೆಂದು ಭಾವಿಸಿದಂತೆ ಕಾಣಲಿಲ್ಲ. ಸಂಕ್ರಾಂತಿಗೆ ಮಗುವನ್ನು ಸಿಂಗರಿಸುವವರ ಹಾಗಿದ್ದರು.

ಕಿಂಡಿಗೆ ಕಣ್ಣಿಟ್ಟೆ. ಮಾಡಿನಿಂದ ಇಳಿದ ಬೆಳಕು ಮೀನಿನ ತೊಟ್ಟಿಗೆ ಬಡಿದು ಅವರ ಕೆನ್ನೆಯ ಮೇಲೆ ಅಲುಗುತ್ತಿತ್ತು. ಅದು ಚೆಂದವೋ ಅಡ್ಡಿಯೋ? ಕುರ್ಚಿ ಒಂದಡಿ ಹಿಂದೆ ಸರಿಸಿದೆ. ಅಲುಗಾಟ ನಿಂತಿತು, ಚೆಂದವೂ ಹೋಯಿತು. ಮತ್ತೆ ಮುಂದೆ ಸರಿಸಿದೆ. ವಿಭೂತಿ ಹೊಳೆಯುತ್ತದೆಯೇ? ಇವರು ತುಟಿ ಬಿಗಿಹಿಡಿದಿರುವುದು ಯಾಕೆ? ಇದೇ ಕೊನೆಗೆ ಗೋಡೆಯ ಮೇಲೆ ಉಳಿಯುವ ಮುಖ, ಮೊಮ್ಮಕ್ಕಳು ಇದನ್ನೇ ಅಜ್ಜಿ ಎಂದು ತಿಳಿಯುತ್ತಾರೆ ಎಂದು ಹೊಳೆದಾಗ ಬೆರಳನ್ನು ಗುಂಡಿಯಿಂದ ತೆಗೆದೆ. ಬಸಣ್ಣನ ಹೆಗಲ ಮೇಲಿನ ಕೈ ನೆನಪಾಯಿತು. ನಾನು ಕಾಯುತ್ತಲೇ ಇದ್ದೆ.

ಗಿರಿಜಕ್ಕ ಕದಲದೆ, ತುಟಿಯಂಚಿನಲ್ಲೇ ಹೇಳಿದರು: "ತೆಗೀತೀಯೋ, ಇಲ್ಲ ನಾನು ಇಲ್ಲೇ ಹೊರಟುಬಿಡ್ಲೋ? ನಿಂಗೂ ಅನುಕೂಲ."

ಆ ಮಾತು ಮುಗಿದು ಬಾಯಿ ಮುಚ್ಚುವ ಮುನ್ನ, ಬೈದ ಖುಷಿ ಕಣ್ಣಿಗೆ ಬರುವ ಹೊತ್ತಿಗೆ, ಒತ್ತಿದೆ. ಹೆಬ್ಬೆರಳು ಗಾಳಿಯನ್ನು ಸರಿಸಿತು.

"ಇನ್ನೊಂದು ತೆಗೀರಿ" ಎಂದಳು ಶೈಲಾ. "ಪಟ್ಟಿ ಬಿಚ್ಚಿ ನೋಡಿ ಒಂದ್ಸಲ, ಬಂದಿದೆಯೋ ಇಲ್ವೋ."

ನನ್ನ ಉಗುರು ಆಗಲೇ ಪಟ್ಟಿಯ ಅಂಚಿಗೆ ಹೋಗಿತ್ತು. ಆದರೆ ಗಿರಿಜಕ್ಕ ಆಗಲೇ ಕುರ್ಚಿಯಿಂದ ಎದ್ದಿದ್ದರು. "ಬೇಡ ಕಣೇ. ಮುಂಚೆ ಹೆಂಗೆ ಕಾಯ್ತಿದ್ವಿ? ಊರಿಗೆ ಹೋಗಿ ನೋಡೋಣ."

ಉಳಿದ ದಿನಗಳಲ್ಲಿ ನಾನು ಲಾಟೀನು ಹಚ್ಚುವವರನ್ನು, ದೋಣಿಯ ಮೇಲೆ ತೂಕಡಿಸುವ ಮುದುಕಿಯನ್ನು, ಸ್ಕೂಟರಿನ ಹಿಂದೆ ಕಿತ್ತಳೆ ಗಿಡವನ್ನೇ ಕಟ್ಟಿಕೊಂಡು ಹೋಗುವವನನ್ನು ತೆಗೆದೆ. ಆನ್ ಮಾಡುವುದು, ಪಟ್ಟಿಯ ಕೆಳಗೆ ಅದು ಏನು ಕೇಳಿತೋ ಅದಕ್ಕೆ ಓಕೆ ಒತ್ತುವುದು, ಕಾಯುವುದು. ನಡುನಡುವೆ, ಆ ಒಂದು ಫೋಟೋ ಬಂದಿಲ್ಲ ಎಂದು ಖಚಿತವಾಗಿ ನಂಬುವುದು.

ವಿಜಯನಗರ

ನನ್ನ ಭಯಗಳು ಒಂದೊಂದಾಗಿ ಸುಳ್ಳಾದವು. ಗ್ಯಾಸು ಆಫ್ ಆಗಿತ್ತು. ಗೊಜ್ಜನ್ನು ಯಾರೂ ಮೂಸಲಿಲ್ಲ. ಹೋಯ್ ಆನ್‌ನಲ್ಲಿ ಲಾನ್ ಅದನ್ನು ಅನ್ನಕ್ಕೆ ಕಲಸಿ ತಿಂದು ಉಳಿದದ್ದನ್ನು ಕೇಳಿ ಇಟ್ಟುಕೊಂಡಿದ್ದಳು. ಗಿರಿಜಕ್ಕನ ಮಂಡಿ ನನ್ನದಕ್ಕಿಂತ ಚೆನ್ನಾಗಿ ನಡೆದಿತ್ತು. ಕಾರ್ಡನ್ನು ಜೇಬಿನಲ್ಲಿ ಕೈಯಲ್ಲೇ ಹಿಡಿದುಕೊಂಡು, ಮೆಟ್ರೋ ನಿಲ್ದಾಣದ ಹತ್ತಿರದ ಸ್ಟುಡಿಯೋಗೆ ಮೂವರೂ ಹೋದೆವು.

ಸ್ಟುಡಿಯೋದ ಯುವಕ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದ. ನಾನು ಶೈಲಾಳ ಬೆನ್ನ ಹಿಂದೆ ನಿಂತಿದ್ದೆ. ಅವಳ ಹೆಗಲ ಮೇಲಿಂದ ಇಣುಕಿದೆ.

ಗಿರಿಜಕ್ಕ ಅಲ್ಲಿದ್ದರು. ನೀರಿನ ಬೆಳಕು ಕೆನ್ನೆಯ ಮೇಲೆ ನಿಂತಿತ್ತು. ಬಾಯಿ ಆಗಷ್ಟೇ ಏನನ್ನೋ ಹೇಳಿ ಮುಗಿಸಿತ್ತು. ಏನೆಂದು ಗೋಡೆಯ ಮುಂದೆ ನಿಂತವರಿಗೂ ಕೇಳಿಸುವಂತಿತ್ತು. ಬಚ್ಚಲಿನ ಕೆಂಪು ಬೆಳಕಿನಲ್ಲಿ ಮುಖಗಳು ಮೂಡಿ ಬರುವಾಗ ಆಗುತ್ತಿದ್ದದ್ದೇ ಆಯಿತು. ಈ ಸಲ ಅದು ಅಸಿಡಿಟಿ ಅಲ್ಲವೆಂದು ಗೊತ್ತಾಯಿತು.

"ದೊಡ್ಡ ಸೈಜು ಹಾಕಿ, ಫ್ರೇಮ್ ಸಮೇತ" ಎಂದೆ, ಕರವಸ್ತ್ರ ಹುಡುಕುತ್ತಾ.

ಯುವಕ ಅದನ್ನು ಕಂಡು ದನಿ ತಗ್ಗಿಸಿದ. "ಆಯ್ತು ಸಾರ್. ಅಮ್ಮ ಹೋದ ದಿನ ಒಂದೇ ಇದೆ, ಹುಟ್ಟಿದ್ದೂ ಪಕ್ಕದಲ್ಲಿ ಹಾಕ್ಲಾ?"

"ಯಾವ ಅಮ್ಮ?" ಎಂದರು ಗಿರಿಜಕ್ಕ.

ಅವನು ತಲೆಯೆತ್ತಿ ಅವರನ್ನು ನೋಡಿದ. ಪರದೆಯನ್ನು ನೋಡಿದ. ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದ. ಆಮೇಲೆ ಮೆಲ್ಲನೆ ಫೋಟೋದ ಬಲಮೂಲೆಗೆ ಬೆರಳಿಟ್ಟ. ಅಲ್ಲಿ ಕಿತ್ತಳೆ ಬಣ್ಣದಲ್ಲಿ ಒಂದು ತಾರೀಖು ಅಚ್ಚಾಗಿತ್ತು: ಜನವರಿ ಒಂದು, ಹದಿನೈದು ವರ್ಷದ ಹಿಂದಿನದು. ಉಳಿದ ಚಿತ್ರಗಳನ್ನೂ ಸರಿಸಿದ. ಲಾಟೀನು, ದೋಣಿ, ರೈಲಿನ ಕಿಟಕಿ, ಎಲ್ಲದರ ಮೂಲೆಯಲ್ಲೂ ಅದೇ. ನಮ್ಮ ಇಡೀ ಪ್ರವಾಸ ಹದಿನೈದು ವರ್ಷದ ಹಿಂದೆ, ಒಂದೇ ದಿನದಲ್ಲಿ ಮುಗಿದುಹೋಗಿತ್ತು.

ಕ್ಯಾಮೆರಾ ಪ್ರತಿ ಸಲವೂ ಕೇಳುತ್ತಿದ್ದದ್ದು ಏನೆಂದು ಆಗ ತಿಳಿಯಿತು. ಅದರ ಒಳಗಿನ ಗಡಿಯಾರ ಸತ್ತಿತ್ತು. ಇವತ್ತು ಯಾವ ದಿನ, ಇದೇ ತಾನೇ ಎಂದು ಅದು ವಿನಯದಿಂದ ಕೇಳುತ್ತಿತ್ತು. ಹೌದು ಹೌದು ಎಂದು ನಾನು ಒತ್ತುತ್ತಿದ್ದೆ. ಬ್ಯಾಟರಿ, ಬೂಷ್ಟು, ಜೇಬಿನ ತೂತು ಎಲ್ಲವನ್ನೂ ಯೋಚಿಸಿದ್ದ ನಾನು ತಾರೀಖನ್ನು ಯೋಚಿಸಿರಲಿಲ್ಲ.

"ತೆಗೆದುಬಿಡ್ತೀನಿ ಮೇಡಂ, ಒಂದ್ನಿಮಿಷದ ಕೆಲಸ" ಎಂದ ಯುವಕ ಬೆವರುತ್ತಾ.

"ತಡಿ. ಯಾವ ವರ್ಷ ಅಂದೆ?"

ಅವನು ಓದಿದ. ಗಿರಿಜಕ್ಕ ಕನ್ನಡಕ ಏರಿಸಿಕೊಂಡು ಮೂಲೆಯ ಹತ್ತಿರ ಬಗ್ಗಿದರು.

"ಶೈಲಾ, ಅವತ್ತು ನೀವೂ ಬಂದಿದ್ರಿ ಅಲ್ವೇನೇ? ನಮ್ಮನೆಯವರು ಹೊಸ ವರ್ಷ ಅಂತ ಬೇಕರಿ ಮುಂದೆ ಕ್ಯೂ ನಿಂತು ಕೇಕ್ ತಂದ್ರು. ಡಬ್ಬಿ ತೆಗೆದ್ರೆ ಯಾರೋ ಪಿಂಕಿ ಅನ್ನೋ ಮಗು ಹುಟ್ಟುಹಬ್ಬದ್ದು."

"ಭಾವ ವಾಪಸ್ ಕೊಡೋಕೆ ಓಡಿದ್ರು" ಎಂದಳು ಶೈಲಾ. "ಒಂದು ಪೀಸ್ ಕಟ್ ಮಾಡಿ ಆಗಿತ್ತು ಅಷ್ಟೊತ್ತಿಗೆ."

"ಹೂಂ. ಆ ಪೀಸ್ ತಟ್ಟೆಲಿಟ್ಕೊಂಡೇ ಓಡಿದ್ರು." ಗಿರಿಜಕ್ಕ ನೆಟ್ಟಗಾದರು. "ಇರ್ಲಿ ಬಿಡಪ್ಪ, ತೆಗೀಬೇಡ."

"ಮೇಡಂ, ಆದ್ರೆ ನೋಡಿದೋರು..."

"ನೋಡಿದೋರು ಕೇಳಿದ್ರೆ ನಾನೇ ಹೇಳ್ತೀನಿ. ನಾನಿಲ್ದಿದ್ರೆ ಮಂಜು ಹೇಳ್ತಾನೆ."

ಫೋಟೋ ಈಗ ಆರ್‌ಪಿಸಿ ಲೇಔಟಿನ ಮನೆಯಲ್ಲಿ, ಬಸಣ್ಣ ಮತ್ತು ನನ್ನ ಕೈಯ ಪಕ್ಕದಲ್ಲಿದೆ. ಮೊನ್ನೆ ಭಾನುವಾರ ಕ್ಯಾಮೆರಾ ಹಿಡಿದು ಜ್ಞಾನಭಾರತಿ ಕ್ಯಾಂಪಸ್ಸಿನ ಕಡೆ ಹೋಗೋಣವೆಂದು ಪರದೆಯ ಪಟ್ಟಿಗಳನ್ನು ಬಿಚ್ಚಿದೆ. ಅಂಟು ಇನ್ನೂ ಸ್ವಲ್ಪ ಉಳಿದಿದೆ. ಆನ್ ಮಾಡಿದೆ. ಅದು ಆ ಜನವರಿ ಒಂದನ್ನು ತೋರಿಸಿ, ಇವತ್ತು ಇದೇ ದಿನ ತಾನೇ ಎಂದು ಕೇಳಿತು. ಈ ಸಲ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ.

ಓಕೆ ಒತ್ತಿದೆ.